ಪಕ್ಕದ ಸೊಸೈಟಿಯ ಸರ್ವರ್ ಲಾಕ್ ಆಗಿದೆ, ನಾವು ಮೊದಲು ಏನು ನೋಡಿಕೊಳ್ಳಬೇಕು?

ಮಂಡಿಪೇಟೆ ಮ್ಯಾನೇಜರ್:

ನಮಸ್ಕಾರ. ದಾವಣಗೆರೆಯ ಒಂದು ಸೌಹಾರ್ದ ಸಹಕಾರಿಯಲ್ಲಿ ಮ್ಯಾನೇಜರ್ ಆಗಿದ್ದೇನೆ. ಸಣ್ಣದು. ಎರಡು ಬ್ರಾಂಚ್, ಪಿಗ್ಮಿ, ಎಫ್‌ಡಿ, ಬಂಗಾರದ ಸಾಲ, ಪೇಟೆಯ ವ್ಯಾಪಾರಿಗಳಿಗೆ ಒಂದಿಷ್ಟು ಓಡಿ (ಓವರ್‌ಡ್ರಾಫ್ಟ್). ಹೆಸರು ಹೇಳುವುದಿಲ್ಲ, ನೀವೂ ಊಹೆ ಮಾಡಬೇಡಿ.

ನಮ್ಮ ಹಾಗೇ ಇರುವ ಇನ್ನೊಂದು ಸೊಸೈಟಿ ಇದೆ, ನಮ್ಮ ಕಚೇರಿಯಿಂದ ನಡೆದು ಹೋಗುವಷ್ಟು ದೂರ. ಕಾಲು ಪರ್ಸೆಂಟ್ ಬಡ್ಡಿ ಜಾಸ್ತಿ ಕೊಟ್ಟು ಅವರು ನಮ್ಮ ಠೇವಣಿ ಎಳೆಯುವುದು, ನಾವು ಅವರದ್ದು ಎಳೆಯುವುದು ವರ್ಷಗಳಿಂದ ನಡೆದೇ ಇದೆ. ಈ ಸೋಮವಾರ ಅವರು ಬಾಗಿಲು ತೆಗೆದಾಗ ಸರ್ವರ್‌ನಲ್ಲಿ ಒಂದು ಫೈಲೂ ಓಪನ್ ಆಗಲಿಲ್ಲವಂತೆ. ಪ್ರತಿ ಫೈಲಿನ ಹೆಸರಿನ ಕೊನೆಗೆ ಏನೇನೋ ಅಕ್ಷರ. ಡೆಸ್ಕ್‌ಟಾಪ್ ಮೇಲೆ ದುಡ್ಡು ಕೇಳುವ ಒಂದು ನೋಟ್. ಈಗ ಕೌಂಟರ್ ಮುಚ್ಚಿ 'ತಾಂತ್ರಿಕ ಕಾರಣ' ಎಂದು ಬೋರ್ಡ್ ಹಾಕಿದ್ದಾರೆ. ಪೇಟೆಯಲ್ಲಿ ಮಾತ್ರ ಕಥೆಗೆ ಕಾಲು ಬಂದಿದೆ. ಬಂಗಾರವೇ ಹೋಯಿತಂತೆ, ಡೈರೆಕ್ಟರ್‌ಗಳೇ ಮಾಡಿದ್ದಂತೆ, ಹೀಗೆ.

ನಮಗೆ ತಲೆಬಿಸಿ ಏಕೆಂದರೆ ಅವರಿಗೆ ಸಾಫ್ಟ್‌ವೇರ್ ಕೊಟ್ಟವರೇ ನಮಗೂ ಕೊಟ್ಟಿರುವುದು. ಫೋನ್ ಮಾಡಿದರೆ 'ನಿಮ್ಮದು ಸೇಫ್ ಇದೆ ಸಾರ್, ಟೆನ್ಶನ್ ಬೇಡ' ಎನ್ನುತ್ತಾರೆ. ಹೇಗೆ ಸೇಫ್ ಎಂದರೆ ಉತ್ತರ ಇಲ್ಲ. ಇತ್ತ ನಮ್ಮ ಬೋರ್ಡ್‌ನಲ್ಲಿ ಒಬ್ಬರು 'ನಿಮ್ಮ ಹಣ ನಮ್ಮಲ್ಲಿ ಸುರಕ್ಷಿತ' ಎಂದು ದೊಡ್ಡ ಬ್ಯಾನರ್ ಹಾಕೋಣ ಎನ್ನುತ್ತಿದ್ದಾರೆ. ಇನ್ನೊಬ್ಬರು ಎಲ್ಲಿಂದಲೋ ಫೈರ್‌ವಾಲ್ (ಹೊರಗಿನ ದಾಳಿ ತಡೆಯಲು ನೆಟ್‌ವರ್ಕ್‌ಗೆ ಹಾಕುವ ಪೆಟ್ಟಿಗೆ) ಕೊಟೇಶನ್ ತಂದಿದ್ದಾರೆ, ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಮೂರನೆಯವರು 'ನಮಗೇನೂ ಆಗಿಲ್ಲವಲ್ಲ, ಸುಮ್ನಿರಿ' ಎನ್ನುತ್ತಾರೆ. ಈ ನಡುವೆ ಸದಸ್ಯರು ಬಂದು ಎಫ್‌ಡಿ ಮುರಿಸಿದರೆ ಎಷ್ಟು ಸಿಗುತ್ತದೆ ಎಂದು ಕೇಳಲು ಶುರು ಮಾಡಿದ್ದಾರೆ.

ಮುಂದಿನ ವಾರ ಬೋರ್ಡ್ ಮೀಟಿಂಗ್. ಏಟು ಬಿದ್ದಿರುವುದು ಬೇರೆಯವರಿಗೆ. ಆದರೆ ಕೆಲಸ ನಮಗೂ ಇದೆ ಎಂದು ಗೊತ್ತು. ಯಾವುದು ಮೊದಲು, ಯಾವುದು ಆಮೇಲೆ? ಅನುಭವ ಇದ್ದವರು ಹೇಳಿ.

ಲೆಡ್ಜರ್ ಅಜ್ಜ:

ನಾನು ಬ್ಯಾಂಕಿನಿಂದ ರಿಟೈರ್ ಆದವನು. ಕಂಪ್ಯೂಟರ್ ವಿಷಯ ಹುಡುಗರು ಹೇಳಲಿ. ಒಂದು ಮಾತು ಮಾತ್ರ ಹೇಳುತ್ತೇನೆ: ಹೇಗಾಯಿತು ಎಂದು ಗೊತ್ತಾಗುವ ಮೊದಲು ಏನನ್ನೂ ಕೊಳ್ಳಬೇಡಿ.

ನಮ್ಮ ಜಿಲ್ಲೆಯ ನ್ಯಾಮತಿಯನ್ನೇ ನೆನಪಿಸಿಕೊಳ್ಳಿ. 2024ರ ಅಕ್ಟೋಬರ್ ಕೊನೆಯಲ್ಲಿ, ಶನಿವಾರ ಭಾನುವಾರದ ರಜೆ ಮುಗಿಸಿ ಬಂದು ನೋಡಿದರೆ ಎಸ್‌ಬಿಐ ಶಾಖೆಯಲ್ಲಿ ಅಡವಿಟ್ಟ 17 ಕೆಜಿಗೂ ಜಾಸ್ತಿ ಬಂಗಾರ ಇಲ್ಲ. ಕಿಟಕಿಯ ಕಬ್ಬಿಣದ ಸರಳು ಕತ್ತರಿಸಿ ಒಳಗೆ ಬಂದಿದ್ದರು. ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದಿದ್ದರು. ಹೋಗುವಾಗ ಕ್ಯಾಮೆರಾದ ಡಿವಿಆರ್ ಪೆಟ್ಟಿಗೆಯನ್ನೇ ಎತ್ತಿಕೊಂಡು, ಖಾರದ ಪುಡಿ ಚೆಲ್ಲಿ ಹೋಗಿದ್ದರು. ಆಗ ಇಡೀ ಜಿಲ್ಲೆಯ ಸೊಸೈಟಿಗಳು ಏನು ಮಾಡಿದವು ಗೊತ್ತಾ? ಕ್ಯಾಮೆರಾ ಕೊಂಡವು. ನಾಲ್ಕಿದ್ದದ್ದು ಎಂಟಾಯಿತು. ಡಿವಿಆರ್ ಮಾತ್ರ ಅದೇ ಮ್ಯಾನೇಜರ್ ಟೇಬಲ್ ಕೆಳಗೆ! ಅಲ್ಲಿ ಕಳ್ಳರು ಹೊತ್ತುಕೊಂಡು ಹೋದದ್ದು ಯಾವುದನ್ನು ಎಂದು ಯಾರೂ ಯೋಚಿಸಲಿಲ್ಲ. ಎಂಟು ಕ್ಯಾಮೆರಾದ ರೆಕಾರ್ಡಿಂಗ್ ಒಂದೇ ಪೆಟ್ಟಿಗೆಯಲ್ಲಿ, ಅದೂ ಕೈಗೆ ಸಿಗುವ ಜಾಗದಲ್ಲಿ ಇದ್ದರೆ ಕ್ಯಾಮೆರಾ ಎಷ್ಟಿದ್ದರೆ ಏನು?

ಇನ್ನೊಂದು. ಆಗ ಎಲ್ಲರ ಬಾಯಲ್ಲೂ ಹೊರರಾಜ್ಯದ ಗ್ಯಾಂಗ್ ಎಂಬ ಮಾತೇ. 2025ರ ಮಾರ್ಚ್ ಕೊನೆಗೆ ಪೊಲೀಸರು ಹಿಡಿದಾಗ ಗೊತ್ತಾಗಿದ್ದು, ಮುಖ್ಯ ಆರೋಪಿ ನ್ಯಾಮತಿಯಲ್ಲೇ ಸಿಹಿತಿಂಡಿ ಅಂಗಡಿ ಇಟ್ಟುಕೊಂಡಿದ್ದವನು. ಅದೇ ಬ್ಯಾಂಕಿಗೆ ಸಾಲಕ್ಕೆ ಅರ್ಜಿ ಹಾಕಿ ಸಿಗದೆ ಹೋದವನು. ಬಂಗಾರ ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಅಂದರೆ ಐದು ತಿಂಗಳು ಜಿಲ್ಲೆಯಲ್ಲಿ ಎಲ್ಲರೂ ಬರೀ ಊಹೆಯ ಮೇಲೆ ದುಡ್ಡು ಖರ್ಚು ಮಾಡಿದರು. ಹೊರಗಿನವರನ್ನು ತಡೆಯಲು ಗೇಟು ಎತ್ತರಿಸಿದವರಿದ್ದಾರೆ. ಬ್ರಾಂಚಿನ ಹಿಂಬದಿ ಕಿಟಕಿಗೆ ಹೋಗಿ ನೋಡಿದವರು ಕಡಿಮೆ.

2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆಜಿ ಬಂಗಾರ ಹೋಯಿತು. ಅಲ್ಲಿ ಮುಖ್ಯವಾದದ್ದು ಕೀಲಿಯ ಕಥೆ. ಪೊಲೀಸರು ಹೇಳಿದ್ದು ನಕಲಿ ಕೀ ಎಂದು. ಬಂಧಿಸಿದವರಲ್ಲಿ ಅದೇ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೂ ಇದ್ದರು. ನ್ಯಾಮತಿ ನೋಡಿ ಕಿಟಕಿ ಭದ್ರ ಮಾಡಿಕೊಂಡ ಬ್ಯಾಂಕಿಗೆ ಮನಗೂಳಿ ತರಹದ ಕಳ್ಳತನ ತಡೆಯಲು ಆಗುವುದಿಲ್ಲ. ನಿಮ್ಮಲ್ಲಿ ಸ್ಟ್ರಾಂಗ್ ರೂಮ್ ಕೀಲಿ ಕೈ ಬದಲಾದಾಗ ರಿಜಿಸ್ಟರ್‌ನಲ್ಲಿ ಸಹಿ ಆಗುತ್ತದಾ? ಬಿಟ್ಟು ಹೋದ ಮ್ಯಾನೇಜರ್ ಕಾಲದ ಬೀಗ ಇನ್ನೂ ಅದೇನಾ?

ಹದಡಿ ರೋಡ್ ಹುಡುಗ:

ಅಜ್ಜ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬೆಂಗಳೂರಿನಲ್ಲಿ ಇದೇ ಸೆಕ್ಯುರಿಟಿ ಕೆಲಸದಲ್ಲಿದ್ದೇನೆ, ಊರು ದಾವಣಗೆರೆ. ಮ್ಯಾನೇಜರ್ ಸಾರ್, ಬೋರ್ಡ್ ಮೀಟಿಂಗ್‌ವರೆಗೆ ಕಾಯಬೇಡಿ. ಇವತ್ತೇ ಮಾಡುವ ಕೆಲಸಕ್ಕೆ ಒಂದು ಹಾರ್ಡ್ ಡಿಸ್ಕ್ ಬಿಟ್ಟರೆ ಬೇರೆ ಖರ್ಚಿಲ್ಲ.

ಮೊದಲು ಬ್ಯಾಕಪ್. ನಿಮ್ಮಲ್ಲಿ ಬ್ಯಾಕಪ್ ಎಂದರೆ ಏನು? ನಾನು ನೋಡಿದ ಬಹಳಷ್ಟು ಸಣ್ಣ ಕಚೇರಿಗಳಲ್ಲಿ ಸರ್ವರ್ ಹಿಂದೆ ಒಂದು ಹಾರ್ಡ್ ಡಿಸ್ಕ್ ನೇತಾಡುತ್ತಿರುತ್ತದೆ. ವರ್ಷಪೂರ್ತಿ ಪ್ಲಗ್ ಆಗಿಯೇ ಇರುತ್ತದೆ, ಮೇಲೆ ಧೂಳು. ಸರ್ವರ್ ಲಾಕ್ ಮಾಡುವ ವೈರಸ್‌ಗೆ ಅದು ಇನ್ನೊಂದು ಡ್ರೈವ್ ಅಷ್ಟೇ, ಅದನ್ನೂ ಲಾಕ್ ಮಾಡುತ್ತದೆ. ಇವತ್ತು ಸಂಜೆ ದಿನದ ಲೆಕ್ಕ ಮುಗಿಸಿ ಡೇ ಎಂಡ್ ಆದ ಮೇಲೆ ಹೊಸ ಡಿಸ್ಕ್‌ಗೆ ಒಂದು ಕಾಪಿ ತೆಗೆದು, ಕಿತ್ತು, ಸ್ಟ್ರಾಂಗ್ ರೂಮಿನಲ್ಲಿ ಇಡಿ. ಬೇರೆ ಏನು ಮುಟ್ಟುವುದಕ್ಕೂ ಮೊದಲು ಇದು.

ಎರಡನೆಯದು ವೆಂಡರ್ ಬಾಗಿಲು, ಅಂದರೆ ಸಾಫ್ಟ್‌ವೇರ್ ಕೊಟ್ಟವರು ಒಳಗೆ ಬರುವ ದಾರಿ. ಅವರು ಸಪೋರ್ಟ್ ಕೊಡಲು ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ತರಹದ್ದು ಏನಾದರೂ ಹಾಕಿರುತ್ತಾರೆ. ನೀವು ಒಪ್ಪಿಗೆ ಕೊಡದೆಯೇ ರಾತ್ರಿ ಒಳಗೆ ಬರುವ ಹಾಗೆ ಪಾಸ್‌ವರ್ಡ್ ಸೆಟ್ ಮಾಡಿರುತ್ತಾರೆ, ಸುಲಭ ಆಗಲಿ ಎಂದು. ಹಲವು ಗಿರಾಕಿಗಳಿಗೆ ಒಂದೇ ಪಾಸ್‌ವರ್ಡ್ ಇಡುವವರೂ ಇದ್ದಾರೆ. ಪಕ್ಕದವರ ಮನೆಗೆ ಅದೇ ದಾರಿಯಲ್ಲಿ ಬಂದಿದ್ದರೆ ನಿಮ್ಮ ಮನೆಯ ದಾರಿಯೂ ಅವರಿಗೆ ಗೊತ್ತು. ಈಗಲೇ ಅದನ್ನು ತೆಗೆಸಿ. ಸಪೋರ್ಟ್ ಬೇಕಾದಾಗ ಅವರು ಫೋನ್ ಮಾಡಲಿ, ನಿಮ್ಮ ಹುಡುಗ ಆನ್ ಮಾಡಲಿ, ಕೆಲಸ ಮುಗಿದ ಮೇಲೆ ಆಫ್ ಮಾಡಲಿ. ಹೊರಗಿನಿಂದ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ನೇರವಾಗಿ ತೆರೆದಿದ್ದರೆ ಅದನ್ನೂ ಮುಚ್ಚಿಸಿ.

ವೆಂಡರ್ ಒಬ್ಬನೇ ಆದಾಗ ಏನಾಗುತ್ತದೆ ಎಂಬುದಕ್ಕೆ ದೇಶವೇ ನೋಡಿದ ಉದಾಹರಣೆ ಇದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಕಂಪನಿಗೆ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್, ಅಂದರೆ ರ‍್ಯಾನ್ಸಮ್‌ವೇರ್ ಬಡಿಯಿತು. ಸಣ್ಣ ಸಹಕಾರಿ ಬ್ಯಾಂಕ್, ಗ್ರಾಮೀಣ ಬ್ಯಾಂಕ್‌ಗಳಿಗೆ ತಂತ್ರಜ್ಞಾನ ಕೊಡುವ ಕಂಪನಿ ಅದು. ರೋಗ ಹರಡಬಾರದು ಎಂದು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅವರ ಸಂಪರ್ಕವನ್ನೇ ಕತ್ತರಿಸಿತು. ಸುಮಾರು 300 ಸಣ್ಣ ಬ್ಯಾಂಕ್‌ಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತು ಹೋಯಿತು. ಆ ಬ್ಯಾಂಕ್‌ಗಳು ಏನು ತಪ್ಪು ಮಾಡಿದ್ದವು? ತಮ್ಮ ಕಡೆಯಿಂದ ಏನೂ ಇಲ್ಲ. ಮರುದಿನ ಸರಿಯಾಯಿತು ಎನ್ನಿ. ಆದರೆ ಆ ಒಂದು ದಿನ ಕೌಂಟರ್ ಮುಂದೆ ನಿಂತ ಗಿರಾಕಿಗೆ ಯಾರ ತಪ್ಪು ಎಂಬುದು ಬೇಕಿರಲಿಲ್ಲ.

ಹಾಗಾಗಿ ವೆಂಡರ್‌ಗೆ ಫೋನ್ ಬೇಡ, ಪತ್ರ ಬರೆಯಿರಿ. ಅಲ್ಲಿ ನಿಮ್ಮ ಸಾಫ್ಟ್‌ವೇರ್ ಮೂಲಕ ಬಂದರಾ? ನಮ್ಮ ಸರ್ವರ್‌ಗೆ ನಿಮ್ಮಲ್ಲಿ ಯಾರ್ಯಾರಿಗೆ ಲಾಗಿನ್ ಇದೆ? ಕೆಲಸ ಬಿಟ್ಟವರದ್ದು ತೆಗೆದಿದ್ದೀರಾ? ಇಷ್ಟೇ ಕೇಳಿ. ಬರವಣಿಗೆಯಲ್ಲಿ ಕೇಳಿದಾಗ ಬರುವ ಉತ್ತರವೇ ಬೇರೆ.

ಚೌಕಿಪೇಟೆ ಚಂದ್ರು:

ಇಷ್ಟೆಲ್ಲ ಓದಿದ ಮೇಲೆ ಬೈಸಿಕೊಳ್ಳುತ್ತೇನೆ ಎಂದು ಗೊತ್ತು. ಆದರೂ ಹೇಳುತ್ತೇನೆ. ನಾನೂ ಒಂದು ಸೊಸೈಟಿಯ ಡೈರೆಕ್ಟರ್. ಬ್ಯಾನರ್ ಹಾಕಿ ಎನ್ನುವವರದ್ದು ತಪ್ಪೇನು? ವ್ಯಾಪಾರ ಎಂದರೆ ವ್ಯಾಪಾರ. ಅವರ ಠೇವಣಿದಾರರು ಹೆದರಿದ್ದಾರೆ, ಎಲ್ಲಿಗಾದರೂ ಹೋಗಿಯೇ ಹೋಗುತ್ತಾರೆ, ಬೇರೆಯವರ ಕಡೆ ಹೋಗುವ ಬದಲು ನಮ್ಮ ಕಡೆ ಬರಲಿ. ಅವರು ನಮ್ಮ ಜಾಗದಲ್ಲಿದ್ದರೆ ಸುಮ್ನೆ ಇರುತ್ತಿದ್ದರಾ? ಕಾಲು ಪರ್ಸೆಂಟ್‌ಗೆ ಗಿರಾಕಿ ಎಳೆದವರು ಇದನ್ನು ಬಿಡುತ್ತಿದ್ದರಾ?

ಲೆಡ್ಜರ್ ಅಜ್ಜ:

ಚಂದ್ರು, ಬೈಯುವುದಿಲ್ಲಪ್ಪ. ಆದರೆ ಲೆಕ್ಕ ಹಾಕು. ನೀನು ಇವತ್ತು ಬ್ಯಾನರ್ ಹಾಕುತ್ತೀಯ. ಅದೇ ವೆಂಡರ್, ಅದೇ ಸಾಫ್ಟ್‌ವೇರ್. ಮುಂದಿನ ತಿಂಗಳು ನಿನ್ನ ಸರ್ವರ್ ಲಾಕ್ ಆದರೆ ಆ ಬ್ಯಾನರ್ ಫೋಟೋ ವಾಟ್ಸಾಪ್‌ನಲ್ಲಿ ಹರಿಹರದಿಂದ ಹೊನ್ನಾಳಿವರೆಗೆ ಓಡಾಡುತ್ತದೆ. ನಿನಗಾಗುವುದು ಒಂದು ಏಟಲ್ಲ, ಎರಡು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಈಗ ನಿನಗೆ ಬೇಕಾದ ಮಾಹಿತಿ ಇರುವುದು ಇಡೀ ಊರಿನಲ್ಲಿ ಒಬ್ಬರ ಹತ್ತಿರ ಮಾತ್ರ, ಆ ಸೊಸೈಟಿಯ ಸೆಕ್ರೆಟರಿ ಹತ್ತಿರ. ಎಲ್ಲಿಂದ ಬಂದರು, ಯಾವ ದಿನ, ಏನು ಉಳಿಯಿತು, ಏನು ಹೋಯಿತು. ಯಾವ ಕನ್ಸಲ್ಟೆಂಟ್‌ಗೆ ಎಷ್ಟು ಕೊಟ್ಟರೂ ಈ ಮಾಹಿತಿ ಸಿಗುವುದಿಲ್ಲ. ಬ್ಯಾನರ್ ಹಾಕಿದ ಮೇಲೆ ಅವರ ಮುಂದೆ ಹೋಗಿ ಕೂರಲು ನಿನಗೆ ಮುಖ ಇರುತ್ತದಾ? ಹೋದರೂ ಅವರು ಹೇಳುತ್ತಾರಾ?

ಮ್ಯಾನೇಜರ್ ಅವರೇ, ನಿಮ್ಮ ಅಧ್ಯಕ್ಷರನ್ನು ಕರೆದುಕೊಂಡು ಅವರಲ್ಲಿಗೆ ಹೋಗಿ. ಬರಿಗೈಲಿ ಬೇಡ. ನಿಮ್ಮಲ್ಲಿ ಒಂದು ಕಂಪ್ಯೂಟರ್ ಉಳಿದಿದ್ದರೆ ತೆಗೆದುಕೊಂಡು ಹೋಗಿ. ಎಂಟ್ರಿ ಹಾಕಲು ಒಬ್ಬ ಹುಡುಗ ಬೇಕಾ ಕೇಳಿ. ಕಷ್ಟದಲ್ಲಿರುವವರ ಮನೆಗೆ ಹೋದಾಗ ಮೊದಲು ಪ್ರಶ್ನೆ ಕೇಳಬೇಡಿ. ಅವರೇ ಹೇಳುತ್ತಾರೆ. ಸಹಕಾರಿ ಎಂದು ಬೋರ್ಡ್ ಹಾಕಿಕೊಂಡಿದ್ದೇವಲ್ಲ, ವರ್ಷಕ್ಕೊಮ್ಮೆಯಾದರೂ ಅದಕ್ಕೆ ಕೆಲಸ ಬೇಡವೇ.

ದುರ್ಗದ ಆಡಿಟರ್:

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ, ಸೊಸೈಟಿಗಳ ಆಡಿಟ್ ಮಾಡುತ್ತೇನೆ. ಅಜ್ಜನ ಮಾತಿಗೆ ನನ್ನದೂ ಒಂದು ಓಟು. ಕಂಪ್ಯೂಟರ್ ಬಗ್ಗೆ ಹೇಳಿಯಾಯಿತು, ನಾನು ದುಡ್ಡಿನ ಕಡೆಯಿಂದ ಹೇಳುತ್ತೇನೆ. ಏಕೆಂದರೆ ನಿಮಗೆ ಮೊದಲು ಬರುವ ಅಪಾಯ ಹ್ಯಾಕರ್‌ದಲ್ಲ, ಎಫ್‌ಡಿ ಮುರಿಸಲು ಬರುವ ಸದಸ್ಯರದ್ದು.

ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ (ಆರ್‌ಬಿಐನ ಠೇವಣಿ ವಿಮಾ ನಿಗಮ) ವಿಮೆ 5 ಲಕ್ಷದವರೆಗೆ ಇದೆ. ಅರ್ಬನ್ ಸಹಕಾರಿ ಬ್ಯಾಂಕಿಗೂ ಇದೆ. ನಮ್ಮ ಪತ್ತಿನ ಸೊಸೈಟಿಗಳಿಗೆ, ಸೌಹಾರ್ದಗಳಿಗೆ ಅದು ಇಲ್ಲ. ಜನರಿಗೆ ಇದು ಅರ್ಧಂಬರ್ಧ ಗೊತ್ತು, ಹಾಗಾಗಿ ಹೆದರಿಕೆ ಬೇಗ ಹುಟ್ಟುತ್ತದೆ. ಪಕ್ಕದ ಸೊಸೈಟಿ ಬಾಗಿಲು ಹಾಕಿದರೆ ನಿಮ್ಮ ಕೌಂಟರ್‌ನಲ್ಲೂ ಸಾಲು ಬೆಳೆಯುತ್ತದೆ, ನಿಮ್ಮ ಸರ್ವರ್ ಎಷ್ಟೇ ಗಟ್ಟಿ ಇರಲಿ. ಈ ವಾರ ಎಷ್ಟು ನಗದು ಬೇಕಾಗಬಹುದು ಎಂದು ಕೂತು ನೋಡಿ. ಜಿಲ್ಲಾ ಸಹಕಾರಿ ಬ್ಯಾಂಕಿನಲ್ಲಿ ಇಟ್ಟ ಠೇವಣಿ ಮೇಲೆ ಓಡಿ ಸೌಲಭ್ಯ ಇದ್ದರೆ ಅಲ್ಲಿನ ಮ್ಯಾನೇಜರ್ ಜೊತೆ ಮಾತಾಡಿ ಇಟ್ಟುಕೊಳ್ಳಿ. ಕೇಳಿದವರಿಗೆ ಮುಖ ಗಂಟು ಹಾಕದೆ ಕೊಡಿ. ಮೊದಲ ಹತ್ತು ಜನರಿಗೆ ಹಣ ಸಲೀಸಾಗಿ ಸಿಕ್ಕಿತು ಎಂದು ಗೊತ್ತಾದರೆ ಹನ್ನೊಂದನೆಯವರು ಮನೆಗೆ ಹೋಗುತ್ತಾರೆ.

ಕೌಂಟರ್‌ನಲ್ಲಿ ಎಲ್ಲರೂ ಒಂದೇ ಉತ್ತರ ಹೇಳಲಿ. 'ನಮಗೇನೂ ಆಗಲ್ಲ' ಎಂದು ಯಾರೂ ಹೇಳಬಾರದು, ಅದು ಯಾರ ಕೈಯಲ್ಲೂ ಇಲ್ಲ. 'ನಮ್ಮಲ್ಲಿ ವ್ಯವಹಾರ ಮಾಮೂಲಿಯಾಗಿ ನಡೆದಿದೆ, ನಮ್ಮ ವ್ಯವಸ್ಥೆಯನ್ನು ಪರಿಶೀಲಿಸುತ್ತಿದ್ದೇವೆ, ನಿಮ್ಮ ಲೆಕ್ಕ ಬೇಕಾದರೆ ಈಗಲೇ ಪಾಸ್‌ಬುಕ್ ಪ್ರಿಂಟ್ ಮಾಡಿ ಕೊಡುತ್ತೇವೆ' ಎಂದರೆ ಸಾಕು. ಆ ಪಾಸ್‌ಬುಕ್ ಪ್ರಿಂಟ್ ಇದೆಯಲ್ಲ, ನಾಳೆ ಏನಾದರೂ ಆದರೆ ಅದೇ ನಿಮಗೂ ಸಾಕ್ಷಿ.

ವಿಮೆ ಪಾಲಿಸಿ ತೆಗೆದು ಓದಿ, ಏಜೆಂಟ್ ಹೇಳಿದ್ದನ್ನಲ್ಲ. ಬಂಗಾರಕ್ಕೆ ಮಾಡಿಸಿದ ಮೊತ್ತ ಯಾವ ವರ್ಷದ್ದು? ಚಿನ್ನದ ರೇಟು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ, ತೂಕ ಅಷ್ಟೇ ಇದ್ದರೂ ಹಳೆ ಮೊತ್ತ ಈಗ ಸಾಲದೇ ಹೋಗಬಹುದು. ಸದಸ್ಯರಿಗೆ ನೀವು ಕೊಡಬೇಕಾದದ್ದು ಒಡವೆಯ ಬೆಲೆ, ಕೊಟ್ಟ ಸಾಲದ ಮೊತ್ತವಲ್ಲ. ಕಂಪ್ಯೂಟರ್ ದಾಳಿಗೆ ಸಾಮಾನ್ಯ ಕಳ್ಳತನದ ಪಾಲಿಸಿ ಬರುವುದಿಲ್ಲ, ಅದು ಬೇರೆಯೇ.

ಕಾನೂನಿನ ಕಡೆ ಎರಡು ಮಾತು. ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸಬೇಕು ಎಂದು 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಬಂದಿದೆ. ಲಾಗ್‌ಗಳನ್ನು (ಕಂಪ್ಯೂಟರ್ ತಾನೇ ಬರೆದಿಡುವ ಚಟುವಟಿಕೆಯ ದಾಖಲೆ) 180 ದಿನ ಇಡಬೇಕು ಎಂದೂ ಅದರಲ್ಲೇ ಇದೆ. ನಮ್ಮಲ್ಲಿ ಆರು ಗಂಟೆ ಎಂದರೆ ಅಧ್ಯಕ್ಷರಿಗೆ ಫೋನ್ ಹತ್ತುವಷ್ಟು ಹೊತ್ತು! ಹಾಗಾಗಿ ಯಾರು ತಿಳಿಸಬೇಕು ಎಂದು ಈಗಲೇ ಹೆಸರು ಬರೆದಿಡಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಜೊತೆಗೆ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ. ಇನ್ನು 2023ರ ಡೇಟಾ ರಕ್ಷಣೆ ಕಾಯ್ದೆ. ಅದರಲ್ಲಿ ಸದಸ್ಯರ ಮಾಹಿತಿ ಸೋರಿದರೆ ಹೊಣೆ ನಿಮ್ಮದೇ, ವೆಂಡರ್ ಕೈಯಿಂದ ಸೋರಿದರೂ ಸಹ. ದಂಡ 250 ಕೋಟಿವರೆಗೆ ಎಂದು ಬರೆದಿದ್ದಾರೆ. ನಮ್ಮಂಥವರಿಗೆ ಅಷ್ಟು ಹಾಕುವುದಿಲ್ಲ ಎಂದುಕೊಳ್ಳಿ, ಆದರೂ ಹೊಣೆ ಯಾರದು ಎಂಬುದು ಬೋರ್ಡ್‌ಗೆ ಗೊತ್ತಿರಲಿ.

ಹದಡಿ ರೋಡ್ ಹುಡುಗ:

ಆಡಿಟರ್ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ 2018ರ ಆಗಸ್ಟ್‌ನಲ್ಲಿ ಸುಮಾರು 94 ಕೋಟಿ ಹೋಯಿತಲ್ಲ, ಬಹುಪಾಲು ನಕಲಿ ಕಾರ್ಡ್‌ಗಳಿಂದ ಹತ್ತಾರು ದೇಶಗಳ ಎಟಿಎಂಗಳಲ್ಲಿ ಡ್ರಾ ಮಾಡಿದ್ದು. ಎರಡೇ ತಿಂಗಳಲ್ಲಿ, ಅಕ್ಟೋಬರ್ 2018ರಲ್ಲಿ, ಆರ್‌ಬಿಐ ಎಲ್ಲ ಅರ್ಬನ್ ಸಹಕಾರಿ ಬ್ಯಾಂಕ್‌ಗಳಿಗೂ ಕನಿಷ್ಠ ಏನೇನು ಇರಬೇಕು ಎಂದು ಒಂದು ಸುತ್ತೋಲೆ ಕಳಿಸಿತು. 2019ರ ಕೊನೆಯಲ್ಲಿ ಅದನ್ನು ಬ್ಯಾಂಕಿನ ಡಿಜಿಟಲ್ ವ್ಯವಹಾರ ನೋಡಿಕೊಂಡು ನಾಲ್ಕು ಹಂತ ಮಾಡಿತು. ಸೊಸೈಟಿಗಳು ಆರ್‌ಬಿಐ ಕೆಳಗೆ ಬರುವುದಿಲ್ಲ, ನಿಮ್ಮನ್ನು ಯಾರೂ ಕೇಳುವುದಿಲ್ಲ. ಆದರೆ ಆ ಸುತ್ತೋಲೆ ಪುಕ್ಕಟೆ ಸಿಗುತ್ತದೆ. ಯಾವ ಯಾವ ಯಂತ್ರ ಇದೆ ಪಟ್ಟಿ ಮಾಡಿ, ಪೆನ್ ಡ್ರೈವ್ ಬಂದ್ ಮಾಡಿ, ಯಾರಿಗೆ ಯಾವ ಲಾಗಿನ್ ಬೇಕೋ ಅಷ್ಟೇ ಕೊಡಿ, ಹೀಗೆ ಎಲ್ಲ ಸರಳ ವಿಷಯ. ಮೊದಲ ಹಂತದ್ದು ಮಾಡಿದರೂ ನಿಮ್ಮೂರಿನ ಅರ್ಧ ಸೊಸೈಟಿಗಿಂತ ಮುಂದಿರುತ್ತೀರಿ.

ಮತ್ತೆ ಫೈರ್‌ವಾಲ್ ಕೊಟೇಶನ್ ಬಗ್ಗೆ. ಫೈರ್‌ವಾಲ್ ಬೇಡ ಎನ್ನುತ್ತಿಲ್ಲ. ಹೈದರಾಬಾದಿನ ಮಹೇಶ್ ಬ್ಯಾಂಕಿನಿಂದ 2022ರ ಜನವರಿಯಲ್ಲಿ 12 ಕೋಟಿಗೂ ಜಾಸ್ತಿ ಹೋದಾಗ, ಸಿಬ್ಬಂದಿಗೆ ಬಂದ ಮೋಸದ ಮೇಲ್‌ಗಳಿಂದ ಶುರುವಾಯಿತು ಎಂದು ಪೊಲೀಸರು ಹೇಳಿದರು. ಮುಂದಿನ ವರ್ಷ ಆರ್‌ಬಿಐ 65 ಲಕ್ಷ ದಂಡವನ್ನೂ ಹಾಕಿತು. ಅಂಥದ್ದಕ್ಕೆ ಫೈರ್‌ವಾಲ್ ಜೊತೆ ಸಿಬ್ಬಂದಿಗೆ ಬುದ್ಧಿ ಹೇಳುವುದೂ ಬೇಕು. ಪೆಟ್ಟಿಗೆ ತಂದಿಟ್ಟು ಅದರ ಪಾಸ್‌ವರ್ಡ್ ಮತ್ತೆ ವೆಂಡರ್ ಕೈಗೇ ಕೊಟ್ಟರೆ ದುಡ್ಡು ದಂಡ. ಆ ಕೊಟೇಶನ್‌ನಲ್ಲಿ ಮೂರು ವರ್ಷದ ಲೈಸೆನ್ಸ್ ಸೇರಿದೆಯಾ, ನೋಡಿಕೊಳ್ಳುವವರು ಯಾರು ಎಂದು ಕೇಳಿ. ಉತ್ತರ ಬರುವವರೆಗೆ ಪಕ್ಕಕ್ಕೆ ಇಡಿ.

ಪಿಗ್ಮಿ ಪರಶು:

ನಾನು ಪಿಗ್ಮಿ ಏಜೆಂಟ್. ಮೇಲಿನವರ ಹಾಗೆ ದೊಡ್ಡ ಮಾತು ಗೊತ್ತಿಲ್ಲ. ಆದರೆ ಬೀದಿಯಲ್ಲಿ ಬೈಸಿಕೊಳ್ಳುವವರು ನಾವು. ಆ ಸೊಸೈಟಿಯ ಏಜೆಂಟ್ ಒಬ್ಬ ನನ್ನ ಗೆಳೆಯ. ಸೋಮವಾರ ಅವನಿಗೆ ಕಚೇರಿಯಿಂದ ಯಾರೂ ಏನೂ ಹೇಳಿರಲಿಲ್ಲ. ತರಕಾರಿ ಮಾರ್ಕೆಟ್‌ನಲ್ಲಿ ಎಂದಿನ ಹಾಗೆ ಹಣ ವಸೂಲಿಗೆ ಹೋದವನಿಗೆ ಗಿರಾಕಿಗಳೇ ಸುದ್ದಿ ಹೇಳಿದ್ದು. ಇವತ್ತು ಹಣ ತೆಗೆದುಕೊಂಡರೆ ಯಾವ ಲೆಕ್ಕಕ್ಕೆ ಹಾಕುವುದು ಎಂದು ಅವನಿಗೇ ಗೊತ್ತಿಲ್ಲ.

ಮ್ಯಾನೇಜರ್ ಸಾರ್, ಡೈರೆಕ್ಟರ್‌ಗಳಿಗೆ ಹೇಳುವ ಮೊದಲು ನಿಮ್ಮ ಏಜೆಂಟ್‌ಗಳನ್ನು ಕೂರಿಸಿ ಹೇಳಿ. ಮೆಷಿನ್ ಕೈಕೊಟ್ಟರೆ ಬರೆಯಲು ನಂಬರ್ ಇರುವ ರಸೀದಿ ಪುಸ್ತಕ ಒಂದೊಂದು ಕೊಟ್ಟಿರಿ. ನಮ್ಮಲ್ಲಿ ಅದು ಇತ್ತು, ಮೆಷಿನ್ ಬಂದ ಮೇಲೆ ನಿಲ್ಲಿಸಿದರು. ಸಾವಿರಾರು ಜನ ಪ್ರತಿದಿನ ಸೊಸೈಟಿ ಬಗ್ಗೆ ಕೇಳುವುದು ನಮ್ಮ ಹತ್ತಿರ, ಅಧ್ಯಕ್ಷರ ಹತ್ತಿರ ಅಲ್ಲ.

ಚೌಕಿಪೇಟೆ ಚಂದ್ರು:

ಪರಶು ಹೇಳಿದ್ದು ಸರಿ, ನಮ್ಮಲ್ಲೂ ಏಜೆಂಟ್‌ಗಳಿಗೆ ಯಾರೂ ಏನೂ ಹೇಳುವುದಿಲ್ಲ. ಬ್ಯಾನರ್ ವಿಷಯಕ್ಕೆ ನಾನು ಈಗಲೂ ಪೂರ್ತಿ ಒಪ್ಪಿಲ್ಲ ಅಜ್ಜ. ಆದರೆ ಅದೇ ವೆಂಡರ್ ಇರುವಾಗ ಬೇಡ ಎಂಬುದು ತಲೆಗೆ ಹೋಯಿತು.

ಮಂಡಿಪೇಟೆ ಮ್ಯಾನೇಜರ್:

ಎಲ್ಲರಿಗೂ ಥ್ಯಾಂಕ್ಸ್. ಆಗಿದ್ದನ್ನು ಹೇಳುತ್ತೇನೆ.

ಅಜ್ಜ ಹೇಳಿದ ಹಾಗೆ ಅಧ್ಯಕ್ಷರನ್ನು ಕರೆದುಕೊಂಡು, ಒಂದು ಕಂಪ್ಯೂಟರ್ ಕಾರಿನಲ್ಲಿ ಇಟ್ಟುಕೊಂಡು ಅವರಲ್ಲಿಗೆ ಹೋದೆವು. ಬಾಗಿಲಲ್ಲಿ ನಮ್ಮನ್ನು ನೋಡಿದಾಗ ಅವರ ಸೆಕ್ರೆಟರಿ ಮುಖ ಸಣ್ಣದಾಯಿತು, ಅಣಕಿಸಲು ಬಂದಿದ್ದಾರೆ ಎಂದುಕೊಂಡರೇನೋ. ಕಂಪ್ಯೂಟರ್ ಇಳಿಸಿದ ಮೇಲೆ ಕೂರಿಸಿ ಚಹಾ ತರಿಸಿದರು. ಆಮೇಲೆ ಕೇಳದೇ ಎಲ್ಲ ಹೇಳಿದರು. ಶನಿವಾರ ರಾತ್ರಿಯೇ ಒಳಗೆ ಬಂದಿದ್ದಾರೆ. ಬಂದದ್ದು ವೆಂಡರ್ ಸಪೋರ್ಟ್‌ಗೆ ಹಾಕಿದ್ದ ಆ ರಿಮೋಟ್ ಸಾಫ್ಟ್‌ವೇರ್‌ನಿಂದಲೇ ಎಂದು ನೋಡಲು ಬಂದವರು ಹೇಳಿದ್ದಾರಂತೆ, ಇನ್ನೂ ಪೂರ್ತಿ ಖಚಿತ ಆಗಿಲ್ಲ. ಹಾರ್ಡ್ ಡಿಸ್ಕ್ ಸರ್ವರ್‌ಗೆ ಚುಚ್ಚಿಯೇ ಇತ್ತು, ಅದೂ ಹೋಯಿತು. ಬಂಗಾರಕ್ಕೆ ಏನೂ ಆಗಿಲ್ಲ, ಎಲ್ಲ ಪೊಟ್ಟಣವೂ ಇದೆ. ಪೇಟೆಯ ಮಾತೆಲ್ಲ ಸುಳ್ಳು.

ಅವರನ್ನು ಉಳಿಸಿದ್ದು ಯಾವುದು ಗೊತ್ತಾ? ಅವರಲ್ಲಿ ಹಳೆ ಕ್ಲರ್ಕ್ ಒಬ್ಬರಿದ್ದಾರೆ. ಯಾರು ಎಷ್ಟು ಬೇಡ ಎಂದರೂ ದಿನಾ ಸಂಜೆ ದಿನವಹಿಯನ್ನೂ ಬಂಗಾರದ ಸಾಲದ ಬ್ಯಾಲೆನ್ಸ್ ಪಟ್ಟಿಯನ್ನೂ ಪ್ರಿಂಟ್ ತೆಗೆದು ಫೈಲ್ ಮಾಡುತ್ತಿದ್ದರಂತೆ. 'ಕಾಗದ ದಂಡ' ಎಂದು ಅವರ ಬೋರ್ಡ್‌ನಲ್ಲಿ ಆಕ್ಷೇಪಣೆಯೂ ಆಗಿತ್ತಂತೆ. ಈಗ ಇಡೀ ಕಚೇರಿ ಆ ಫೈಲ್ ಮುಂದಿಟ್ಟುಕೊಂಡು ಎಂಟ್ರಿ ಹಾಕುತ್ತಿದೆ. ನಮ್ಮ ಇಬ್ಬರು ಹುಡುಗರನ್ನೂ ಕಳಿಸಿದ್ದೇವೆ.

ಅಲ್ಲಿಂದ ಬಂದು ನಮ್ಮದು ನೋಡಿದೆವು. ಅದೇ ರಿಮೋಟ್ ಸಾಫ್ಟ್‌ವೇರ್ ನಮ್ಮಲ್ಲೂ ಇತ್ತು, ತೆಗೆಸಿಯಾಯಿತು. ಕೆಲಸ ಬಿಟ್ಟು ಹೋದ ಇಬ್ಬರ ಲಾಗಿನ್ ಇನ್ನೂ ಚಾಲ್ತಿಯಲ್ಲಿತ್ತು, ಅದರಲ್ಲಿ ಒಬ್ಬರು ಈಗ ಬೇರೆ ಸೊಸೈಟಿಯಲ್ಲಿದ್ದಾರೆ. ಭಾನುವಾರ ಬ್ಯಾಕಪ್ ಅನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ತೆರೆದು ನೋಡಿದೆವು. ತೆರೆಯಿತು. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಶನಿವಾರದ ಪ್ರಿಂಟ್‌ಗೆ ತಾಳೆ ಆಯಿತು. ಖುಷಿಯಾದೆವು. ಆಮೇಲೆ ನಮ್ಮ ಕ್ಯಾಷಿಯರ್ ಅಕ್ಕ ಸುಮ್ನೆ ಒಂದು ಬಂಗಾರದ ಸಾಲದ ಖಾತೆ ತೆರೆದು ಒಡವೆ ಫೋಟೋ ಮೇಲೆ ಕ್ಲಿಕ್ ಮಾಡಿದರು. ಬರಲಿಲ್ಲ. ಇನ್ನೊಂದು ತೆರೆದರು, ಅದೂ ಇಲ್ಲ. ಒಂದೇ ಒಂದು ಫೋಟೋ ಬ್ಯಾಕಪ್‌ನಲ್ಲಿ ಇರಲಿಲ್ಲ. ಸದಸ್ಯರ ಸಹಿಯ ಸ್ಕ್ಯಾನ್ ಕೂಡ ಇಲ್ಲ. ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಲೆಕ್ಕದ ಡೇಟಾಬೇಸ್ ಮಾತ್ರ ತೆಗೆಯುತ್ತದೆ, ಫೋಟೋ ಬೇರೆ ಫೋಲ್ಡರ್‌ನಲ್ಲಿ ಕೂತಿದೆ, ಅದನ್ನು ಯಾರೂ ಸೇರಿಸಿಯೇ ಇಲ್ಲ. ಸದಸ್ಯರು ನಾಳೆ 'ನನ್ನದು ಎರಡೆಳೆ ಸರ' ಎಂದರೆ ತೋರಿಸಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ. ಈಗ ಅದನ್ನೂ ಕಾಪಿ ಮಾಡಿ ಒಳಗೆ ಇಟ್ಟಿದ್ದೇವೆ.

ಬೋರ್ಡ್‌ನಲ್ಲಿ ಬ್ಯಾನರ್ ವಿಷಯ ಬಿದ್ದು ಹೋಯಿತು, ಅಧ್ಯಕ್ಷರೇ ಬೇಡ ಎಂದರು. ಫೈರ್‌ವಾಲ್ ಮುಂದಕ್ಕೆ ಹಾಕಿದರು. ಡಿವಿಆರ್ ಬೇರೆ ಕೋಣೆಗೆ ಹೋಯಿತು, ರೆಕಾರ್ಡಿಂಗ್‌ನ ಇನ್ನೊಂದು ಕಾಪಿ ಎರಡನೇ ಬ್ರಾಂಚಿಗೆ ಹೋಗುವ ಹಾಗೆ ಮಾಡಲು ಹೇಳಿದ್ದೇವೆ. ಪರಶು, ರಸೀದಿ ಪುಸ್ತಕ ಪ್ರೆಸ್‌ಗೆ ಕೊಟ್ಟಾಯಿತು. ಎಫ್‌ಡಿ ಮುರಿಸಲು ಬಂದವರಿಗೆಲ್ಲ ಕೊಟ್ಟೆವು. ಈಗ ಕಡಿಮೆಯಾಗಿದೆ.

ಉಳಿದಿರುವುದು ವೆಂಡರ್. ಪತ್ರ ಕೊಟ್ಟಿದ್ದೇವೆ. 'ವಕೀಲರನ್ನು ಕೇಳಿ ಹೇಳುತ್ತೇವೆ' ಎಂದು ಫೋನಿನಲ್ಲೇ ಹೇಳುತ್ತಾರೆ, ಬರೆದು ಕೊಡುವುದಿಲ್ಲ. ಇದೇ ತಿಂಗಳು ಅವರಿಗೆ ಎಎಂಸಿ (ವಾರ್ಷಿಕ ನಿರ್ವಹಣೆ ಶುಲ್ಕ) ಕಟ್ಟಬೇಕು. ಕಟ್ಟುವುದಾ, ತಡೆಯುವುದಾ?

ದುರ್ಗದ ಆಡಿಟರ್:

ಸಿಟ್ಟಿನಲ್ಲಿ ತಡೆಯಬೇಡಿ, ನಾಳೆ ಸಪೋರ್ಟ್ ನಿಲ್ಲಿಸಿದರೆ ಬಡ್ಡಿ ಪೋಸ್ಟಿಂಗ್ ನಿಲ್ಲುವುದು ನಿಮ್ಮಲ್ಲಿ. ಪೂರ್ತಿ ವರ್ಷಕ್ಕೆ ಬದಲು ಮೂರು ತಿಂಗಳಿಗೆ ಕಟ್ಟಿ, ನಿಮ್ಮ ಪತ್ರಕ್ಕೆ ಉತ್ತರ ಬಾಕಿ ಇದೆ ಎಂದು ಚೆಕ್ ಜೊತೆ ಬರೆದು ಕೊಡಿ. ಹೊಸ ಕರಾರಿನಲ್ಲಿ ಮೂರು ವಿಷಯ ಹಾಕಿಸಿ: ದಾಳಿ ಅವರಿಗೆ ಗೊತ್ತಾದ ತಕ್ಷಣ ನಿಮಗೆ ತಿಳಿಸುವುದು, ನೀವು ಕೇಳಿದಾಗ ಎಲ್ಲ ಡೇಟಾ ಬೇರೆ ಸಾಫ್ಟ್‌ವೇರ್‌ಗೆ ಹಾಕುವ ಹಾಗೆ ಕೊಡುವುದು, ನಿಮ್ಮ ಒಪ್ಪಿಗೆ ಇಲ್ಲದೆ ಒಳಗೆ ಬರದಿರುವುದು. ಪಕ್ಕದ ಸೊಸೈಟಿಯವರೂ ನೀವೂ ಒಟ್ಟಿಗೆ ಒಂದೇ ಪತ್ರ ಕೊಟ್ಟರೆ ಇನ್ನೂ ಒಳ್ಳೆಯದು. ಅದೇ ಸಾಫ್ಟ್‌ವೇರ್ ಇರುವ ಬೇರೆಯವರು ಯಾರಿದ್ದಾರೆ ಕೇಳಿ ಸೇರಿಸಿಕೊಳ್ಳಿ. ಒಬ್ಬರ ಫೋನ್ ಎತ್ತದವರು ಹತ್ತು ಜನರ ಪತ್ರಕ್ಕೆ ಉತ್ತರ ಕೊಡುತ್ತಾರೆ.

ಹದಡಿ ರೋಡ್ ಹುಡುಗ:

ಅದೆಲ್ಲಕ್ಕೂ ಮೊದಲು ಒಂದು ಪ್ರಶ್ನೆ ಸಾರ್. ನಿಮ್ಮ ಸರ್ವರ್‌ನ ಅಡ್ಮಿನ್ ಪಾಸ್‌ವರ್ಡ್, ಡೇಟಾಬೇಸ್ ಪಾಸ್‌ವರ್ಡ್ ಎರಡೂ ನಿಮ್ಮ ಹತ್ತಿರ ಇದೆಯಾ, ಇಲ್ಲ ಅವರ ಹತ್ತಿರ ಮಾತ್ರನಾ?

ಮಂಡಿಪೇಟೆ ಮ್ಯಾನೇಜರ್:

ಸರ್ವರ್‌ದು ಇದೆ. ಡೇಟಾಬೇಸ್‌ದು ಅವರ ಹತ್ತಿರ ಮಾತ್ರ. ನಾಳೆ ಬೆಳಗ್ಗೆ ಅಧ್ಯಕ್ಷರ ಜೊತೆ ಅವರ ಆಫೀಸಿಗೇ ಹೋಗುತ್ತೇವೆ.